ಕೋಡಿನ ಸುತ್ತಲ ಬಿಳಿ ಜಾಗ

ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು ತಪ್ಪಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಕರಡು ತಿದ್ದಿದವನಿಗೆ ಇನ್ನೇನು ಹೆಸರು ಸಿಕ್ಕೀತು? ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಜೇಬಿನಿಂದ ಕೆಂಪು ಪೆನ್ನು ತೆಗೆಯುವ ಆಸಾಮಿ. ಅವನ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮ ಕೂಡ ನುಸುಳುತ್ತಿರಲಿಲ್ಲ. ಆ ಬಗ್ಗೆ ಜಂಬವೂ ಇತ್ತು. ಇರಲಿ ಬಿಡಿ, ಬೇರೆ ಆಸ್ತಿಯೇನೂ ಇರಲಿಲ್ಲವಲ್ಲ.

ಮನೆಯಲ್ಲಿದ್ದದ್ದು ಅವನು ಮತ್ತು ಅಕ್ಕ. ಅಕ್ಕ ಟೀಚರಾಗಿದ್ದವಳು; ಕತೆ ಹೇಳಲು ಕೂತರೆ ಪಕ್ಕದ ತರಗತಿಯ ಮಕ್ಕಳೂ ಕಿಟಕಿಗೆ ಜೋತುಬೀಳುತ್ತಿದ್ದರಂತೆ. ಗಂಟಲಲ್ಲಿ ಗಡ್ಡೆಯಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ಪ್ರೆಸ್ಸಿನ ಮಾಲೀಕ, ಅವಳ ಹಳೆಯ ವಿದ್ಯಾರ್ಥಿ, ಓಡಿಬಂದ. ಹನ್ನೆರಡು ಕತೆಗಳನ್ನು ಅವಳ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡಿಕೊಂಡ. ಅವನ್ನೇ ಮಕ್ಕಳ ಪುಸ್ತಕ ಮಾಡಿ, ಪ್ರತಿ ಕತೆಯ ಪಕ್ಕ ಒಂದು ಕ್ಯೂಆರ್ ಕೋಡ್ ಹಾಕುವುದೆಂದಾಯಿತು. ಫೋನ್ ಹಿಡಿದರೆ ಸಾಕು, ಟೀಚರ ದನಿ. ಆಪರೇಷನ್ ಆದಮೇಲೆ ಅಕ್ಕನ ಮಾತೆಲ್ಲ ಸ್ಲೇಟಿನ ಮೇಲೆ. "ನಂಗೆ ಕೇಳಿಸ್ಬೇಡ, ಅಳು ಬರುತ್ತೆ. ಮಕ್ಳು ಕೇಳಿದ್ರೆ ಸಾಕು," ಎಂದು ಬರೆದು ತೋರಿಸಿದ್ದಳು.

ಪುಸ್ತಕದ ಕರಡು ತಪ್ಪಣ್ಣನ ಮೇಜಿಗೆ ಬಂತು. ಅಕ್ಷರ ಅಕ್ಷರ ನೋಡಿದ. ಕೋಡನ್ನು ಮಾತ್ರ ಓದಲಾಗಲಿಲ್ಲ. ಆ ಕರಿ ಚುಕ್ಕಿಗಳಲ್ಲಿ ಓದುವುದಾದರೂ ಏನನ್ನು? ಆದರೆ ಅದರ ಸುತ್ತ ಬೆರಳಗಲ ಬಿಳಿ ಜಾಗ ಸುಮ್ಮನೆ ಬಿದ್ದಿತ್ತು. ಪುಟದಲ್ಲಿ ಹಾಗೆ ಜಾಗ ಬಿಟ್ಟದ್ದು ಕಂಡರೆ ಅವನಿಗೆ ಮೈಯೆಲ್ಲ ಉರಿ. ಹನ್ನೆರಡು ಕಡೆಯೂ ಕೆಂಪು ಪೆನ್ನಿನಲ್ಲಿ ಬರೆದ: ಜಾಗ ವ್ಯರ್ಥ, ಕೋಡಿಗೆ ಒತ್ತಿ ದಪ್ಪ ಕಪ್ಪು ಚೌಕಟ್ಟು ಹಾಕಿ.

ಮೂರು ಸಾವಿರ ಪ್ರತಿಗಳು ಶಾಲೆಗಳಿಗೆ ಹೋದ ಮೇಲೆ ತಪ್ಪಣ್ಣ ಒಂದು ಪುಸ್ತಕ ಹಿಡಿದು ಮಾಲೀಕನ ಕೋಣೆಗೆ ಹೋದ.

"ನಿಮ್ ಫೋನಲ್ಲಿ ಒಂದ್ಸಲ ಹಾಕಿ ಸಾರ್, ನೋಡೋಣ."

ಮಾಲೀಕ ಫೋನನ್ನು ಹತ್ತಿರ ತಂದ, ದೂರ ಒಯ್ದ, ಪುಟ ತಿರುಗಿಸಿದ. ಹನ್ನೆರಡರಲ್ಲಿ ಒಂದೂ ತೆರೆಯಲಿಲ್ಲ.

"ಅಯ್ಯೋ, ಈ ಚೌಕಟ್ಟು ಹಾಕ್ಸಿದ್ಯಾರು? ಸುತ್ತ ಬಿಳಿ ಇಲ್ದಿದ್ರೆ ಕೋಡ್ ಎಲ್ಲಿ ಶುರುವಾಗುತ್ತೆ ಅಂತಾನೇ ಫೋನಿಗೆ ಗೊತ್ತಾಗಲ್ಲ!"

ತಪ್ಪಣ್ಣ ಚೌಕಟ್ಟಿನ ಮೇಲೆ ಬೆರಳಿಟ್ಟ. "ನಾನೇ," ಎಂದ.

ಮಾಲೀಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಹೋಗ್ಲಿ ಬಿಡಿ. ಶಾಲೆಯೋರು ಯಾರಾದ್ರೂ ದೂರು ಕೊಟ್ರೆ ಸರಿಯಾದ ಕೋಡಿನ ಚೀಟಿ ಮಾಡ್ಸಿ ಅಂಟಿಸೋಣ."

ಮೂರು ಸಾವಿರ ಪುಸ್ತಕಕ್ಕೂ ಕೂತು ತಾನೇ ಅಂಟಿಸಲು ತಪ್ಪಣ್ಣ ತಯಾರಾದ. ದಿನಾ ಬೆಳಿಗ್ಗೆ ಬಂದವನೇ "ಯಾರಾದ್ರೂ ಫೋನ್ ಮಾಡಿದ್ರಾ?" ಎಂದು ಕೇಳುವನು. ವಾರ ಹೋಯಿತು, ತಿಂಗಳು ಹೋಯಿತು. ಐದನೆಯ ತಿಂಗಳಲ್ಲಿ ಮಾಲೀಕ ಅವನ ಬೆನ್ನು ತಟ್ಟಿ, "ಒಂದು ದೂರೂ ಇಲ್ಲ ಕಣ್ರೀ, ಬಚಾವಾದ್ರಿ. ಇನ್ನು ಚೀಟಿ ಗೀಟಿ ಏನೂ ಬೇಡ," ಎಂದ.

ಬಚಾವಂತೆ ಬಚಾವು! ದೂರಿಲ್ಲವೆಂದರೆ ಅಷ್ಟು ಶಾಲೆಗಳಲ್ಲಿ ಅಕ್ಕನ ದನಿ ಬೇಕೆಂದವರು ಒಬ್ಬರೂ ಇಲ್ಲ. ಫೋನ್ ಹಿಡಿದಿದ್ದರೂ, ಬರಲಿಲ್ಲವೆಂದು ಪುಟ ಮಗುಚಿ ಮುಂದೆ ಹೋಗಿದ್ದಾರೆ. ಯಾರಾದರೂ ಬಂದು ತನ್ನ ಕೊರಳಪಟ್ಟಿ ಹಿಡಿದು ಕೇಳಬಾರದೇ ಎಂದು ಅವನಿಗೆ ಸಂಕಟವಾಯಿತು.

ಸಂಜೆ ಮನೆಗೆ ಬಂದರೆ ಅಕ್ಕ ಸ್ಲೇಟು ಎತ್ತಿ ಹಿಡಿದಳು: "ಮಕ್ಳು ಕೇಳಿದ್ರಂತಾ?"

"ಹೂಂ ಕಣಕ್ಕ. ತುಂಬಾ ಜನ ಕೇಳ್ತಿದಾರಂತೆ."

ಅಕ್ಕ ಒರೆಸಿ ಮತ್ತೆ ಬರೆದಳು: "ಯಾವ ಕತೆ ಇಷ್ಟ ಆಯ್ತಂತೆ?"

ಅಷ್ಟು ದೂರ ಅವನು ಯೋಚಿಸಿರಲಿಲ್ಲ. "ಅದೇ... ಕಪ್ಪೆ ಛತ್ರಿ ಕೊಂಡ ಕತೆ," ಎಂದ.

ಅಕ್ಕನ ಮುಖ ಅರಳಿತು. ಸ್ಲೇಟು ಪಕ್ಕಕ್ಕಿಟ್ಟು, ಕೈ ತಿರುಗಿಸುತ್ತ, ದನಿಯಿಲ್ಲದ ತುಟಿಗಳಲ್ಲೇ ಆ ಕತೆ ಹೇಳತೊಡಗಿದಳು. ಅವನು ಎದುರಿಗೆ ಕೂತು, ಒಂದು ಮಾತೂ ಕೇಳಿಸದೆ, ಕತೆ ಮುಗಿಯುವವರೆಗೂ ಹೂಂಗುಟ್ಟಿದ.