ಅದೇ ಚಿತ್ರ, ಬೇರೆ ಮುಖ

ಸರ್ಕಾರದ ಯೋಜನೆಗಳ ಚಿತ್ರ ತೋರಿಸುವ ವ್ಯಾನ್ ತಗೊಂಡು ಮತ್ತೆ ಬಮ್ಮಿಗಟ್ಟಿಗೆ ಹೋಗಿದ್ದೆ. ಅದೇ ಊರಲ್ಲಿ ತೆಗೆದ ಚಿತ್ರ. ಹೋದ ಸಲ ಈರಪ್ಪ ಕಾಕಾ ತಮ್ಮ ಮನೆಯಿಂದಲೇ ಕರೆಂಟ್ ಕೊಟ್ಟು, ಮುಂದೆ ಕೂತು ಚಪ್ಪಾಳೆ ತಟ್ಟಿದ್ದರು. ಈಗ ಅವರ ಪಕ್ಷದ ಸರ್ಕಾರ ಹೋಗಿತ್ತು. ನಮ್ಮ ಇಲಾಖೆ ಚಿತ್ರದ ಶುರುವಿನಲ್ಲಿ ಬರುವ ಮುಖ್ಯಮಂತ್ರಿಯ ಮುಖವನ್ನಷ್ಟೇ ಬದಲಿಸಿತ್ತು.

"ಬರೇ ಸುಳ್ಳು! ಈ ಸರ್ಕಾರಿ ತುತ್ತೂರಿ ಬಂದ್ ಮಾಡ್ರಿ" ಅಂತ ಕಾಕಾ ಎದ್ದು ನಿಂತರು.

ಅಷ್ಟರಲ್ಲಿ ಗೋಡೆಯ ಮೇಲೆ ಓಡುತ್ತಿದ್ದ ಚಿತ್ರದಲ್ಲಿ ಅವರ ಹೆಂಡತಿ ನಗುತ್ತ ನಳದ ನೀರು ತುಂಬತೊಡಗಿದರು. ಆಕೆ ತೀರಿಕೊಂಡು ವರ್ಷವಾಗಿತ್ತು. ಕಾಕಾ ಅಲ್ಲೇ ಕೂತುಬಿಟ್ಟರು.

ಮುಗಿದ ಮೇಲೆ ಹತ್ತಿರ ಬಂದು, "ಇನ್ನೊಮ್ಮೆ ಹಚ್ರಿ" ಅಂದರು. ಹಚ್ಚಿದೆ. ಶುರುವಾಗುತ್ತಲೇ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು.

"ಅಕಿ ಬಂದ ಕೂಡಲೇ ಹೇಳ್ರಿ."