ಕೆರೆಯಲ್ಲಿ ಕಲಿಸಿದ ಉಸಿರು

ಉಸಿರು ಬಿಗಿಹಿಡಿಯುವುದರಲ್ಲಿ ಕೊಡಗಿನ ಸುಂಟಿಕೊಪ್ಪದ ಸುತ್ತಮುತ್ತ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಬೇಸಿಗೆಯಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹಾಕುವಾಗ, ಕೆರೆಯ ತಳದಲ್ಲಿ ನೀರೆಳೆಯುವ ಪಂಪಿನ ಪೈಪಿನ ಬಾಯಿಗೆ, ಅಂದರೆ ಫುಟ್‌ವಾಲ್ವ್‌ಗೆ, ಎಲೆ, ಕೆಸರು ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯಲು ಮುಳುಗುತ್ತಿದ್ದವನು ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಆದ ನಾನೇ. ಬೇರೆಯವರು ಮುಳುಗಿದರೆ ನನಗೆ ಸಮಾಧಾನವಿಲ್ಲ. ಮಗಳಿಗೆ ಏಳು ವರ್ಷವಾದಾಗ ಅವಳಿಗೂ ಅದೇ ಕೆರೆಯಲ್ಲಿ ಕಲಿಸಿದೆ. ಪಾಠ ಒಂದೇ: ನೀರಿನೊಳಗೆ ಎಷ್ಟೇ ಹೆದರಿಕೆಯಾಗಲಿ, ಉಸಿರು ಬಿಡಬೇಡ. ಬಿಟ್ಟರೆ ಚೆನ್ನಾಗಿ ಬೈಸಿಕೊಳ್ಳುತ್ತಿದ್ದಳು.

ಅವಳು ದೊಡ್ಡವಳಾದಳು, ಮಡಿಕೇರಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆ ಖುಷಿಗೆ ಹೋದ ವರ್ಷ ನನ್ನನ್ನು ಸ್ಕೂಬಾ ಡೈವಿಂಗಿಗೆ ಎಳೆದುಕೊಂಡು ಹೋದಳು. ಘಟ್ಟ ಇಳಿದು, ಕೇರಳ ಗಡಿಯ ಮಾಕುಟ್ಟದ ಚೆಕ್‌ಪೋಸ್ಟ್ ದಾಟಿ ಸಮುದ್ರ ತಲುಪಿದೆವು. ದಡದಲ್ಲೊಂದು ಪಾರ್ಕು. ಗಾಳಿಮರದ ಕೆಳಗೆ ಜನ ಕಡಲೆ ತಿನ್ನುತ್ತಾ ನೋಡುತ್ತಿದ್ದರೆ, ನಾವು ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು, ಅದರ ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು ದಡದಿಂದಲೇ ನಡೆದು ನೀರಿಗಿಳಿಯಬೇಕು.

ಕಲಿಸುವವನು ಮಲಯಾಳಿ, ನಮ್ಮ ಕಡೆ ಇದ್ದು ಕನ್ನಡ ಕಲಿತವನು. ಮೊಣಕಾಲುದ್ದದ ನೀರಿನಲ್ಲಿ ಅಭ್ಯಾಸ ಮಾಡಿಸುತ್ತಾ, "ಸಾರ್, ಎಂತ ಮರೆತರೂ ಉಸಿರು ಮಾತ್ರ ಹಿಡಿಬೇಡಿ. ಹಿಡಿದು ಮೇಲೆ ಬಂದ್ರೆ ಒಳಗಿನ ಗಾಳಿ ಉಬ್ಬಿ ಶ್ವಾಸಕೋಶವೇ ಒಡೀತದೆ" ಎಂದ.

"ನಮ್ಮಲ್ಲಿ ಹಿಡಿಯದಿದ್ರೆ ಸಾಯೋದು ಮಾರಾಯ" ಎಂದೆ. ಮಗಳೂ ನಕ್ಕಳು.

ಎರಡಾಳು ಆಳದಲ್ಲಿ ಅವನು ಮುಂದೆ, ನಾವಿಬ್ಬರು ಹಿಂದೆ. ನಾನು ಒಂದು ಮೀನನ್ನು ನೋಡಲು ಗಕ್ಕನೆ ತಿರುಗಿದೆ. ನನ್ನ ಕಾಲಿಗೆ ಕಟ್ಟಿದ್ದ ರಬ್ಬರ್ ರೆಕ್ಕೆ ಅವಳ ಮುಖಕ್ಕೆ ಬಡಿಯಿತು. ಅವಳ ಡೈವಿಂಗ್ ಕನ್ನಡಕದೊಳಗೆ ನೀರು ತುಂಬಿತು. ಗಾಳಿಯ ಕೊಳವೆ ಇನ್ನೂ ಅವಳ ಬಾಯಲ್ಲೇ ಇತ್ತು, ಆದರೆ ಗುಳ್ಳೆಗಳು ನಿಂತುಹೋದವು. ಕೆನ್ನೆ ಉಬ್ಬಿತ್ತು. ಏಳು ವರ್ಷದವಳಿದ್ದಾಗ ಕೆರೆಯಲ್ಲಿ ಹೇಗೆ ಉಬ್ಬಿಸುತ್ತಿದ್ದಳೋ ಹಾಗೆಯೇ.

ಅವಳು ಕಾಲು ಬಡಿದು ಮೇಲಕ್ಕೆ ಹೊರಟಳು.

ಉಸಿರು ಹಿಡಿದೇ ಹೊರಟಿದ್ದಳು. ನಾನು ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ಅವಳ ಕಾಲು ಹಿಡಿದೆ. ಒದ್ದಳು. ಬಿಡದೆ ಕೆಳಗೆಳೆದು ಮುಖಕ್ಕೆ ಮುಖ ತಂದೆ. ಉಸಿರು ಬಿಡು ಎಂದು ಕೂಗಲು ಅಲ್ಲಿ ಬಾಯೆಲ್ಲಿದೆ? ಅವಳ ಅಂಗೈಯನ್ನು ಎಳೆದು ನನ್ನ ಬಾಯಿಯ ಪಕ್ಕ ಗುಳ್ಳೆ ಹೊರಬರುವ ಕಡೆ ಒತ್ತಿ ಹಿಡಿದು, ಇದ್ದ ಗಾಳಿಯನ್ನೆಲ್ಲ ಊದಿದೆ. ಮತ್ತೆ ಊದಿದೆ. ಮೂರನೇ ಸಲ ಊದಿದಾಗ ಅವಳ ಬಾಯಿಂದಲೂ ಗುಳ್ಳೆಗಳು ಬುಳುಬುಳು ಎದ್ದವು. ಅಷ್ಟರಲ್ಲಿ ಕಲಿಸುವವನು ಬಂದು ನಮ್ಮಿಬ್ಬರನ್ನೂ ನಿಧಾನವಾಗಿ ಮೇಲೆ ತಂದ.

ದಡದಲ್ಲಿ ಅವಳು ಕೆಮ್ಮುತ್ತಾ ಮರಳಿನ ಮೇಲೆ ಕೂತಳು. ಕಲಿಸುವವನು ಅವಳ ಬೆನ್ನಿನ ಸಿಲಿಂಡರ್ ಬಿಚ್ಚುತ್ತಾ, "ಅಷ್ಟು ಸಲ ಹೇಳಿದ್ದೆನಲ್ಲ, ಉಸಿರು ಯಾಕೆ ಹಿಡಿದ್ರಿ?" ಎಂದು ರೇಗಿದ.

ಅವಳು ನನ್ನ ಕಡೆ ನೋಡಲಿಲ್ಲ. "ನೀರೊಳಗೆ ಹೆದರಿಕೆ ಆದ್ರೆ ನಂಗೆ ಅಪ್ಪ ಹೇಳಿದ್ದೇ ನೆನಪಾಗೋದು" ಎಂದಳು.

ಈ ಹುಡುಗಿ ನನ್ನ ಒಂದು ಮಾತನ್ನಾದರೂ ಕೇಳಿದ್ದಾಳಾ ಎಂದು ಆವತ್ತು ಬೆಳಿಗ್ಗೆಯಷ್ಟೇ ಹೆಂಡತಿಯ ಹತ್ತಿರ ಗೊಣಗಿ ಬಂದಿದ್ದೆ.