ಆಯಿ ಬನ್ನಿ ತೆಗೆದುಕೊಳ್ಳಲಿಲ್ಲ

ನಮ್ಮ ಆಯಿಗೆ ಕ್ಷಮಿಸುವುದನ್ನು ಕಲಿಸಲು ಒಂದು ಸಲ ಪರದೇಶದಿಂದ ಜನ ಬಂದಿದ್ದರು. ಈಗಲೂ ನೆನೆದರೆ ನನಗೆ ಅರ್ಧ ನಗು, ಅರ್ಧ ಸಿಟ್ಟು. ಕೊಪ್ಪಳ ಬೇರೆ ಜಿಲ್ಲೆಯಾದ ಮರುವರ್ಷ ಅದು. ನಾನು ಯಲಬುರ್ಗಾದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಹಾಗಾಗಿ ಬಂದವರ ಮಾತನ್ನು ನಮ್ಮೂರವರಿಗೆ, ನಮ್ಮೂರವರ ಮಾತನ್ನು ಅವರಿಗೆ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು.

ಆಯಿ ಎಂದರೆ ನಮ್ಮಪ್ಪನ ತಾಯಿ. ನಿಜಾಮನ ಆಳ್ವಿಕೆಯ ಕೊನೆಯ ವರ್ಷ, ಗಡಿಯಾಚೆಯ ಶಿಬಿರದಲ್ಲಿದ್ದ ಹೋರಾಟಗಾರರಿಗೆ ಬುತ್ತಿ ಮುಟ್ಟಿಸುತ್ತಿದ್ದ ನಮ್ಮಜ್ಜ ನಿಜಾಮನ ಪರದ ರಜಾಕಾರರ ಕಣ್ಣು ತಪ್ಪಿಸಿ ಒಂದು ಖಾಲಿ ಹಗೇವಿನಲ್ಲಿ ಅಡಗಿದ್ದ. ಹಗೇವು ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದರೆ ಪರವೂರವನಿಗೆ ಸುಳಿವೇ ಹತ್ತುವುದಿಲ್ಲ. ಆದರೂ ಬಂದೂಕಿನವರು ನೆಟ್ಟಗೆ ಅಲ್ಲಿಗೇ ಬಂದರು, ಅಜ್ಜನಿಗೆ ಗುಂಡು ಹಾಕಿದರು. ಆಗ ಅಪ್ಪ ಆಯಿಯ ಹೊಟ್ಟೆಯಲ್ಲಿದ್ದ. ಊರವರೇ ಯಾರೋ ತೋರಿಸಿಕೊಟ್ಟಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು, ಬಾಯಿ ಬಿಟ್ಟವರು ಮಾತ್ರ ಯಾರೂ ಇಲ್ಲ. ಅದು ಊರಿನ ದೊಡ್ಡ ಗೌಡನ ಕೆಲಸವೇ ಎಂದು ಆಯಿ ನಂಬಿದ್ದಳು. ಆ ಮನೆಯ ಹನಿ ನೀರು ಕೂಡ ಅವಳು ಮುಟ್ಟಿದವಳಲ್ಲ.

ನಮ್ಮ ಕಡೆ ದಸರೆಯ ಸಂಜೆ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣು" ಅಂದರೆ ಮುಗಿಯಿತು, ವರ್ಷದ ಜಗಳವೆಲ್ಲ ಮಾಫ್. ಆಯಿ ಊರಿಗೆಲ್ಲ ಬನ್ನಿ ಕೊಡುತ್ತಿದ್ದಳು. ಗೌಡರ ಮನೆಯವರು ಎದುರು ಬಂದರೆ ಮಾತ್ರ ಮುಷ್ಟಿ ಬಿಗಿಯುತ್ತಿದ್ದಳು. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪನಿಗೆ ಇದು ದೊಡ್ಡ ಮುಜುಗರ.

"ಹೋಗ್ಲಿ ಬಿಡಬೇ ಯವ್ವಾ. ದೊಡ್ಡ ಗೌಡ ಸತ್ತು ಮಣ್ಣಾಗ್ಯಾನ. ಮಗಾ ಏನು ಮಾಡ್ಯಾನ?" ಎಂದು ಪ್ರತಿ ದಸರೆಗೂ ಗೊಣಗುತ್ತಿದ್ದ.

"ಬನ್ನಿ ಇರೂದು ಬದುವಿನ ಜಗಳಕ್ಕ, ದನ ಹೊಲ ಹೊಕ್ಕಿದ್ದಕ್ಕ. ಗಂಡನ ಜೀವಕ್ಕ ಒಂದು ಎಲಿ ಸಾಟಿ ಆಗತೈತೇನು?" ಆಯಿಯ ಉತ್ತರವೂ ಪ್ರತಿ ವರ್ಷ ಅದೇ. "ಯಾರು ತೋರಿಸಿದ್ರು ಅಂತ ಮಂದ್ಯಾಗ ಹೇಳ್ಲಿ. ನನಗ ಬ್ಯಾರೆ ಏನೂ ಬ್ಯಾಡ."

ಇಂಥಾದ್ದರಲ್ಲಿ ಪರದೇಶದವರು ಬಂದರು. ಯುದ್ಧ ಮುಗಿದ ನಾಡುಗಳಲ್ಲಿ ಕೊಂದವರನ್ನೂ ಸತ್ತವರ ಮನೆಯವರನ್ನೂ ಎದುರುಬದುರು ಕೂರಿಸಿ ಸತ್ಯ, ನ್ಯಾಯ, ರಾಜಿ ಎಂದು ಕೆಲಸ ಮಾಡುವ ಸಂಸ್ಥೆಯಂತೆ. ಜಗಳ ಬಗೆಹರಿಸಲು ಹಳ್ಳಿಯವರದೇ ಒಂದು ಪದ್ಧತಿ ಇದೆ ಎಂದು ಬನ್ನಿಯ ಸುದ್ದಿ ಕೇಳಿ ಕುಣಿದಾಡಿಬಿಟ್ಟರು. ಅವರ ಜೊತೆ ಒಬ್ಬ ಹೆಂಗಸಿದ್ದಳು. ತನ್ನ ದೇಶದ ಯುದ್ಧದಲ್ಲಿ ಅವಳ ಅಣ್ಣನನ್ನು ಮನೆಯಿಂದ ಕರೆದೊಯ್ದವರು ತಿರುಗಿ ಕಳಿಸಿರಲಿಲ್ಲ. ಅವಳೊಬ್ಬಳು ಹೆಚ್ಚು ಮಾತಾಡುತ್ತಿರಲಿಲ್ಲ.

ದಸರೆಯ ಸಂಜೆ ಬನ್ನಿಗಿಡದ ಕೆಳಗೆ ಶಾಮಿಯಾನಾ, ಮೈಕು, ಕ್ಯಾಮೆರಾ. ಧಾರವಾಡದ ಕಡೆಯ ಒಬ್ಬ ಸಂಚಾಲಕ ಆಯಿಯನ್ನು ವೇದಿಕೆಗೆ ಹತ್ತಿಸಿ, ಅವಳೆದುರು ಗಾದಿ ತುಂಬುವ ಪಿಂಜಾರ ಮುದುಕನನ್ನು ತಂದು ನಿಲ್ಲಿಸಿದ. ರಜಾಕಾರರೂ ಮುಸಲ್ಮಾನರು, ಇವನೂ ಮುಸಲ್ಮಾನ, ಹಾಗಾಗಿ ಎರಡು ಸಮುದಾಯಗಳ ಮಿಲನವಂತೆ! ಪಾಪ, ಆ ಮುದುಕ ತಾನೇ ಗುಂಡು ಹಾಕಿದವನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ಆಯಿ ಮೈಕಿನ ಮುಂದೆಯೇ ಕೇಳಿದಳು: "ಏ ತಮ್ಮಾ, ಈ ಅಣ್ಣ ನನಗೇನು ಮಾಡ್ಯಾನ? ಗಂಡ ಸತ್ತ ದಿನ ನನ್ನ ಮನಿಗೆ ನೀರು ಹೊತ್ತು ಹಾಕಿದಾಕಿ ಇವನವ್ವ. ಮುಂದ ನಿಜಾಮನ್ನ ಇಳಸಾಕ ಇಂಡಿಯಾದ ಮಿಲ್ಟ್ರಿ ಬಂದಾಗ ಇವನ ಮನಿಗೆ ಬೆಂಕಿ ಹಚ್ಚಿದವರು ನಮ್ಮವರು. ಮಾಫಿ ಕೇಳೂದಿದ್ರ ನಾವು ಕೇಳಬೇಕಲ್ಲ?"

ಪಿಂಜಾರ ಮುದುಕನ ಕೈಯಿಂದ ತಾನೇ ಬನ್ನಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಅಧ್ಯಕ್ಷರ ಕುರ್ಚಿಯ ಕಡೆ ತಿರುಗಿದಳು. ಅಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದವನು ಬೇರಾರೂ ಅಲ್ಲ, ದೊಡ್ಡ ಗೌಡನ ಮಗ.

"ಗೌಡಾ, ನೀನೂ ಅರವತ್ತು ದಾಟಿದಿ, ನಾನು ಇವತ್ತೋ ನಾಳೆಯೋ. ಹಗೇವು ಯಾರು ತೋರಿಸಿದ್ರು? ಹೇಳು."

ಸಂಚಾಲಕನ ಮುಖ ಬಿಳುಚಿತು. "ಮೇಡಂ, ನಿಮ್ಮ ಅಜ್ಜಿಗೆ ಕೂಡ್ರಾಕ ಹೇಳ್ರಿ," ಎಂದು ನನ್ನ ಕಿವಿಯಲ್ಲಿ ಉಸುರಿದ.

"ಆಡಿದ ಮಾತು ತಿಳಿಸಿ ಹೇಳೂದಷ್ಟ ನನ್ನ ಕೆಲಸ್ರಿ. ಆಯಿನ್ನ ಕೂಡ್ಸೂದು ನಿಮಗಾದ್ರ ನೀವ ಕೂಡ್ಸಿ ನೋಡ್ರಿ," ಅಂದೆ. ಆಯಿಯ ಮಾತನ್ನು ಒಂದಕ್ಷರ ಬಿಡದೆ ಆ ಪರದೇಶದ ಹೆಂಗಸಿಗೆ ಹೇಳಿದೆ. ಅವಳು ಸಂಚಾಲಕನಿಗೆ ಕೈ ಅಡ್ಡ ಹಿಡಿದು, ಅಜ್ಜಿ ಕೇಳಲಿ, ತಡೆಯಬೇಡಿ, ಎಂದಳು.

ಗೌಡ ಕೊರಳ ಹಾರ ತೆಗೆದು ಕುರ್ಚಿಯ ಮೇಲಿಟ್ಟು ಎದ್ದು ನಿಂತ.

"ಅಪ್ಪ ಅಲ್ಲ ಯಕ್ಕಾ. ನಾನು. ದನ ಹೊಡಕೊಂಡು ಬರತಿದ್ದೆ. ಬಂದೂಕು ಹಿಡಿದವರು ತಡದು ಕೇಳಿದ್ರು, ಕೈ ಮಾಡಿ ತೋರಿಸಿದೆ. ಸಣ್ಣಾಂವ ಇದ್ದೆ. ಬಾಯಿ ಬಿಟ್ರ ಚರ್ಮ ಸುಲೀತೀನಿ ಅಂದ ನಮ್ಮಪ್ಪ. ಸಾಯೂತನಾ ಆ ತಪ್ಪು ತನ್ನ ಮ್ಯಾಲ ಹೊತಗೊಂಡ."

ನಾನು ಆಯಿಯ ರಟ್ಟೆ ಹಿಡಿದೆ. ಅಷ್ಟು ವರ್ಷ ಅವಳು ಶಾಪ ಹಾಕಿದ್ದು ತೋರಿಸದೇ ಇದ್ದವನಿಗೆ. ಆದರೂ ಅವಳ ದನಿ ಬಗ್ಗಲಿಲ್ಲ.

"ನನಗ ಹೇಳಿದಿ. ಅಲ್ಲಿ ನಿಂತಾನ ನೋಡು, ಅಪ್ಪನ ಮಾರಿ ಕಾಣದಂವ. ಅವನಿಗೂ ಹೇಳು."

ಅಪ್ಪ ವೇದಿಕೆಯ ಕೆಳಗೆ ಕೈತುಂಬ ಬನ್ನಿ ಹಿಡಿದು ನಿಂತಿದ್ದ. ಅವ್ವನ ಪರವಾಗಿ ತಾನಾದರೂ ಕೊಟ್ಟು ಮರ್ಯಾದೆ ಉಳಿಸೋಣ ಅಂತ ಬಂದವನು. ಗೌಡ ಕೆಳಗಿಳಿದು ಅವನೆದುರು ಅದೇ ಮಾತು ಮತ್ತೆ ಆಡಿದ. ಹುಟ್ಟಿದಾಗಿನಿಂದ ಹೋಗ್ಲಿ ಬಿಡು ಅನ್ನುತ್ತಿದ್ದ ನಮ್ಮಪ್ಪ, ಎಲೆಗಳನ್ನು ಅಂಗಿಯ ಕಿಸೆಗೆ ತುರುಕಿ ಕೇಳಿದ:

"ಆಗ ನಮ್ಮಪ್ಪ ಏನಂದ?"

"ಕಲ್ಲು ಸರಿಸಿದ್ರು, ತಾನ ಹತ್ತಿ ಹೊರಗ ಬಂದ," ಅಂದ ಗೌಡ. "ನನ್ನ ನೋಡಿದ. 'ಹುಡುಗನ್ನ ಮನಿಗೆ ಕಳಸ್ರಿ, ಅಂವ ಇದನ್ನ ನೋಡೂದು ಬ್ಯಾಡ' ಅಂದ."

ಅಪ್ಪ ಅತ್ತ. ಐವತ್ತರ ಗಂಡಸು, ಊರ ಮುಂದೆ, ಮುಖ ಕೂಡ ಮುಚ್ಚಿಕೊಳ್ಳದೆ ಅತ್ತ. ನಾನು ಆ ಪರದೇಶದ ಹೆಂಗಸಿಗೆ ಅಜ್ಜನ ಮಾತು ಹೇಳಲು ಹೋದೆ, ಅರ್ಧಕ್ಕೇ ನಿಂತೆ. ಅವಳು ನನ್ನ ಕೈ ಹಿಡಿದುಕೊಂಡಳು.

ಸಂಚಾಲಕನಿಗೆ ಜೀವ ಬಂತು. "ಈಗ ಬನ್ನಿ ಕೊಡ್ರಿ, ಇಬ್ಬರೂ ಕ್ಯಾಮೆರಾ ಕಡೆ ನೋಡ್ರಿ," ಎಂದು ಓಡಿಬಂದ. ಗೌಡ ವೇದಿಕೆಗೆ ಮರಳಿ ಎರಡೂ ಕೈಯಲ್ಲಿ ಎಲೆ ಚಾಚಿದ.

ಆಯಿ ಕೈ ಮುಂದೆ ಮಾಡಲಿಲ್ಲ.

"ಎಲಿ ಇಟಗೋ ಗೌಡಾ. ಹುಡುಗ ಇದ್ದಿ, ಹೆದರಿ ತೋರಿಸಿದಿ. ಅದನ್ನ ನನ್ನ ಗಂಡ ಅವತ್ತ ಬಿಟ್ಟಾನ, ನಾನು ಹಿಡಿಯಾಕ ಯಾರು? ಆದ್ರ ಅವನ ಕಡೀ ಮಾತು ನನ್ನದು. ಐವತ್ತು ವರ್ಷ ಅದನ್ನ ಹೊಟ್ಟ್ಯಾಗ ಇಟಗೊಂಡು ನನ್ನ ಮನಿ ಮುಂದ ಅಡ್ಡಾಡಿದಿಯಲ್ಲ, ಅದಕ್ಕ ಮಾಫಿ ಇಲ್ಲ."